72 ವೋಲ್ಟ್‌ನ ಬ್ಯಾಟರಿ, 48 ವೋಲ್ಟ್‌ನ ಬೈಕು

ಬ್ಯಾಟರಿಯ ವೋಲ್ಟೇಜನ್ನು ಇಳಿಸುವುದು ಊರ ಟಿ.ಸಿ.ಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಲೈನಿನ ವೋಲ್ಟೇಜ್ ಇಳಿಸಿದಷ್ಟು ಸಲೀಸಲ್ಲ. ಮೈಸೂರು ಜಿಲ್ಲೆಯ ನಂಜನಗೂಡು, ತಿ. ನರಸೀಪುರ ಸೀಮೆಯ ಹೆಮ್ಮಿಗೆಯಂಥ ಊರಿಗೆ ಕರೆಂಟು ಬರುವುದು 11,000 ವೋಲ್ಟ್‌ನ ತಂತಿಯಲ್ಲಿ. ಕಂಬದ ಮೇಲಿನ ಟಿ.ಸಿ. ಅದನ್ನು ಪಂಪ್‌ಸೆಟ್ಟಿಗೆ ಬೇಕಾದ 400 ವೋಲ್ಟ್ ಆಸುಪಾಸಿಗೆ, ಮನೆಗೆ ಬೇಕಾದ 230 ವೋಲ್ಟ್‌ಗೆ ಇಳಿಸುತ್ತದೆ. ಅದರೊಳಗೆ ಅಲುಗಾಡುವ ಭಾಗ ಒಂದೂ ಇಲ್ಲ. ಕಬ್ಬಿಣದ ತಿರುಳು, ಸುತ್ತಿದ ಸುರುಳಿ, ತಣ್ಣಗಿಡಲು ಎಣ್ಣೆ, ಅಷ್ಟೆ. 1902ರಲ್ಲಿ ಈ ಸೀಮೆಯಲ್ಲಿ ಹರಿಯುವ ಕಾವೇರಿಯ ಕೆಳಹರಿವಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಸಾಗಿದ್ದೂ ಈ ಉಪಕರಣದ ಬಲದಿಂದಲೇ: ಹೊರಡುವಲ್ಲಿ ವೋಲ್ಟೇಜ್ ಏರಿಸಿ, ಸೇರುವಲ್ಲಿ ಇಳಿಸಿದ್ದರು. ಆದರೆ ಟ್ರಾನ್ಸ್‌ಫಾರ್ಮರ್ ಕೆಲಸ ಮಾಡಲು ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರಬೇಕು. ಬ್ಯಾಟರಿಯ ವಿದ್ಯುತ್ತು ಒಂದೇ ದಿಕ್ಕಿನದು. ಅದನ್ನು ನೇರವಾಗಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟರೆ ಸುರುಳಿ ಸುಡುತ್ತದೆ, ವೋಲ್ಟೇಜ್ ಇಳಿಯುವುದಿಲ್ಲ.

ಎಲೆಕ್ಟ್ರಿಕ್ ಬೈಕು ಇಟ್ಟುಕೊಂಡವರಿಗೆ ಈ ತೊಡಕು ಎದುರಾಗುವ ಸಂದರ್ಭ ಹೆಚ್ಚುಕಡಿಮೆ ಒಂದೇ ಬಗೆಯದು. ಮಾರುಕಟ್ಟೆಯಲ್ಲಿ 48, 60 ಮತ್ತು 72 ವೋಲ್ಟ್‌ನ ಗಾಡಿಗಳು ಜೊತೆಜೊತೆಗೇ ಓಡುತ್ತಿವೆ. ಹಳೆಯ ಗಾಡಿಯೊಂದು ಕೆಟ್ಟು ನಿಂತರೆ ಅದರ 72 ವೋಲ್ಟ್‌ನ ಲಿಥಿಯಂ ಬ್ಯಾಟರಿ ಇನ್ನೂ ಗಟ್ಟಿಯಾಗಿರುತ್ತದೆ. ಇತ್ತ ಮನೆಯಲ್ಲಿರುವ ಇನ್ನೊಂದು ಬೈಕಿನ ಮೋಟಾರು, ಅದನ್ನು ನಿಯಂತ್ರಿಸುವ ಕಂಟ್ರೋಲರ್ 48 ವೋಲ್ಟ್‌ನವು, ಅದರ ಸೀಸದ ಬ್ಯಾಟರಿ ಸತ್ತಿರುತ್ತದೆ. ಇದ್ದದ್ದನ್ನು ಇದ್ದದ್ದಕ್ಕೆ ಜೋಡಿಸಿ ಓಡಿಸುವ ಆಸೆ ಸಹಜ. ಸೀಸದ ಬ್ಯಾಟರಿ ತೆಗೆದು ಲಿಥಿಯಂ ಹಾಕಿಸುವವರ ಸಂಖ್ಯೆ ಬೆಳೆದಂತೆ ಇಂಥ ಹೊಂದಾಣಿಕೆಯ ಪ್ರಶ್ನೆಗಳೂ ಬೆಳೆಯುತ್ತಿವೆ.

ಮೊದಲು ಅಂಕಿಗಳ ಮರ್ಮ ತಿಳಿಯಬೇಕು. ಬ್ಯಾಟರಿಯ ಮೇಲೆ ಬರೆದ 72 ಎಂಬುದು ಸರಾಸರಿ ಅಂಕಿ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್ಲಿನ ಸರಾಸರಿ 3.6 ವೋಲ್ಟ್, ಪೂರ್ತಿ ತುಂಬಿದಾಗ 4.2, ಬರಿದಾಗುವ ಹೊತ್ತಿಗೆ ಸುಮಾರು 3. ಅಂಥ 20 ಸೆಲ್ಲುಗಳ ಸರಣಿಯೇ 72 ವೋಲ್ಟ್‌ನ ಬ್ಯಾಟರಿ. ಬೆಳಿಗ್ಗೆ ಚಾರ್ಜರ್ ಕಿತ್ತಾಗ ಅದರ ತುದಿಗಳಲ್ಲಿ ಇರುವುದು 84 ವೋಲ್ಟ್. 48 ವೋಲ್ಟ್‌ನ ಕಂಟ್ರೋಲರುಗಳಲ್ಲಿ ಸಾಮಾನ್ಯವಾಗಿ ಬಳಸುವ ಕೆಪಾಸಿಟರ್ ತಡೆಯುವುದು 63 ವೋಲ್ಟ್‌ವರೆಗೆ. ಅದಕ್ಕೆ 84 ವೋಲ್ಟ್ ತಗುಲಿಸಿದರೆ ಆಕ್ಸಿಲರೇಟರ್ ತಿರುಗಿಸುವ ಮೊದಲೇ ಕೆಪಾಸಿಟರ್ ಉಬ್ಬಿ ಸಿಡಿಯಬಹುದು. ಹಾಗಾಗಿ ಇಳಿಸಬೇಕಾದದ್ದು 72ರಿಂದ ಅಲ್ಲ, 84ರಿಂದ.

48 ವೋಲ್ಟ್‌ನ ಗುಂಪು ಇಷ್ಟೊಂದು ಬಳಕೆಗೆ ಬರಲು ಒಂದು ಕಾರಣವಿದೆ. ವಾಹನಗಳ ಸುರಕ್ಷತಾ ನಿಯಮಗಳಲ್ಲಿ 60 ವೋಲ್ಟ್ ಡಿ.ಸಿ. ಎಂಬುದು ಗಡಿಗೆರೆ; ಅದರಾಚೆ ಹೋದರೆ ಹೆಚ್ಚಿನ ವೋಲ್ಟೇಜಿನ ವಾಹನ ಎಂದು ಎಣಿಸಿ, ಮುಟ್ಟಿದರೆ ಶಾಕ್ ತಗಲದಂತೆ ಹೆಚ್ಚಿನ ರಕ್ಷಣೆ ಕೇಳುತ್ತಾರೆ. 14 ಲಿಥಿಯಂ ಅಯಾನ್ ಸೆಲ್ ಸರಣಿಯಲ್ಲಿದ್ದರೆ ಪೂರ್ತಿ ತುಂಬಿದಾಗ 58.8 ವೋಲ್ಟ್, 16 ಲಿಥಿಯಂ ಐರನ್ ಫಾಸ್ಫೇಟ್ ಸೆಲ್ ಇದ್ದರೆ 58.4 ವೋಲ್ಟ್. ಎರಡೂ ಗೆರೆಯ ಈಚೆಗೇ ನಿಲ್ಲುತ್ತವೆ. 72 ವೋಲ್ಟ್‌ನ ಬ್ಯಾಟರಿಯನ್ನು ಬರಿಗೈಯಲ್ಲಿ ಮುಟ್ಟಿ ಕೆಲಸ ಮಾಡುವವರು ಇದನ್ನು ನೆನಪಿಡಬೇಕು. ಬೆವರಿದ ಕೈಗೆ 84 ವೋಲ್ಟ್ ಆಟದ ವಸ್ತುವಲ್ಲ.

ಇನ್ನು ಆಂಪಿಯರಿನ ಲೆಕ್ಕ. ಸವಾರ, ಗಾಡಿ, ಹಿಂದೊಂದು ಮೂಟೆ ಸೇರಿ 180 ಕಿಲೋ ಎಂದಿಟ್ಟುಕೊಂಡರೆ, ನಾಲೆ ಬಯಲಿನ ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿಲೋಮೀಟರ್ ವೇಗಕ್ಕೆ ಬ್ಯಾಟರಿ ಕೊಡಬೇಕಾದದ್ದು ಸುಮಾರು 330 ವ್ಯಾಟ್. 48 ವೋಲ್ಟ್‌ನಲ್ಲಿ ಅದು 7 ಆಂಪಿಯರ್. ಅದೇ ಗಾಡಿ ನೂರು ಅಡಿಗೆ ಎಂಟು ಅಡಿ ಏರುವ ರಸ್ತೆಯಲ್ಲಿ 20 ಕಿಲೋಮೀಟರ್ ವೇಗ ಉಳಿಸಿಕೊಳ್ಳಬೇಕಾದರೆ 1,200 ವ್ಯಾಟ್ ದಾಟುತ್ತದೆ, ಅಂದರೆ 25 ಆಂಪಿಯರಿಗೂ ಮಿಗಿಲು. ಮುಡುಕುತೊರೆಯ ಬೆಟ್ಟವಿರಲಿ, ತಲಕಾಡಿನ ಮರಳಿರಲಿ, ಚಕ್ರಕ್ಕೆ ಎಳೆತ ಹೆಚ್ಚಿದಂತೆಲ್ಲ ಆಂಪಿಯರ್ ಏರುತ್ತದೆ. ಮೋಟಾರಿನ ಎಳೆಯುವ ಬಲ ಹುಟ್ಟುವುದೇ ಆಂಪಿಯರಿನಿಂದ. ವೋಲ್ಟೇಜಿನಿಂದ ಹುಟ್ಟುವುದು ವೇಗ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ಮುಂದಿನದೆಲ್ಲ ಸುಲಭ.

ವೋಲ್ಟೇಜ್ ಇಳಿಸಲು ಎಲ್ಲರಿಗೂ ಮೊದಲು ಹೊಳೆಯುವುದು ದಾರಿಯಲ್ಲೊಂದು ರೆಸಿಸ್ಟರ್ ಹಾಕುವುದು. 72ರಿಂದ 48ಕ್ಕೆ ಬರಲು 24 ವೋಲ್ಟನ್ನು ಅದು ನುಂಗಬೇಕು. 30 ಆಂಪಿಯರ್ ಹರಿಯುವಾಗ 24 ವೋಲ್ಟ್ ನುಂಗುವುದೆಂದರೆ 720 ವ್ಯಾಟ್ ಬಿಸಿ. ಸ್ನಾನದ ನೀರು ಕಾಯಿಸುವ ಸಣ್ಣ ಕಾಯಿಲನ್ನು ಸೀಟಿನ ಕೆಳಗೆ ಉರಿಸಿಕೊಂಡು ಹೋದಂತೆ. ಬ್ಯಾಟರಿ ಕೊಟ್ಟದ್ದರಲ್ಲಿ ಮೂರನೇ ಒಂದು ಭಾಗ ದಾರಿಯಲ್ಲೇ ಸುಟ್ಟುಹೋಯಿತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ರೆಸಿಸ್ಟರ್ ನುಂಗುವ ವೋಲ್ಟೇಜು ಹರಿಯುವ ಆಂಪಿಯರನ್ನು ಅವಲಂಬಿಸಿದೆ. ಗಾಡಿ ನಿಂತಿದ್ದಾಗ ಆಂಪಿಯರ್ ಸೊನ್ನೆ, ಆಗ ಇಳಿಕೆಯೂ ಸೊನ್ನೆ. ಅಂದರೆ ಕೀಲಿ ತಿರುಗಿಸಿದ ಗಳಿಗೆಯಲ್ಲೇ ಕಂಟ್ರೋಲರಿಗೆ ಪೂರ್ತಿ 84 ವೋಲ್ಟ್ ಬಂದು ಬಡಿಯುತ್ತದೆ. ಡಯೋಡುಗಳನ್ನು ಸಾಲಾಗಿ ಪೋಣಿಸಿದರೆ ಈ ಎರಡನೆಯ ದೋಷ ಒಂದಿಷ್ಟು ಕಡಿಮೆಯಾಗುತ್ತದೆ, ಆದರೆ ಒಂದೊಂದು ಡಯೋಡು ನುಂಗುವುದು ಒಂದು ವೋಲ್ಟಿನೊಳಗೆ. ಇಪ್ಪತ್ತೈದು ಮೂವತ್ತು ಬೇಕಾಗುತ್ತದೆ, ಬಿಸಿಯಂತೂ ಅಷ್ಟೇ.

ಎರಡನೆಯ ಅಡ್ಡದಾರಿ, ಬ್ಯಾಟರಿಯ ನಡುವಿನಿಂದ ತಂತಿ ಎಳೆಯುವುದು. ಇಪ್ಪತ್ತು ಸೆಲ್ಲುಗಳ ಪೈಕಿ ಹದಿಮೂರನ್ನು ಮಾತ್ರ ಬಳಸಿದರೆ ಸುಮಾರು 48 ವೋಲ್ಟ್ ಸಿಗುತ್ತದೆ, ಖರ್ಚೂ ಇಲ್ಲ. ಸೀಸದ ಬ್ಯಾಟರಿಯ ಕಾಲದಿಂದಲೂ ಈ ಚಾಳಿ ಇದೆ: ನಾಲ್ಕು ಬ್ಯಾಟರಿಗಳ ಸಾಲಿನಲ್ಲಿ ಒಂದರಿಂದ ಹಾರ್ನಿಗೂ ದೀಪಕ್ಕೂ 12 ವೋಲ್ಟ್ ತೆಗೆದುಕೊಳ್ಳುವುದು. ಹಾಗೆ ಮಾಡಿದ ಗಾಡಿಯಲ್ಲಿ ಮೊದಲು ಸಾಯುವುದು ಆ ಬ್ಯಾಟರಿಯೇ, ಉಳಿದ ಮೂರನ್ನೂ ಅದು ಬೇಗ ಎಳೆದುಕೊಂಡು ಹೋಗುತ್ತದೆ. ಲಿಥಿಯಂನಲ್ಲಿ ಪರಿಣಾಮ ಇನ್ನೂ ತೀವ್ರ. ಬಳಸಿದ ಹದಿಮೂರು ಸೆಲ್ ಬರಿದಾಗಿ, ಉಳಿದ ಏಳು ತುಂಬಿಯೇ ಇರುತ್ತವೆ. ಸೆಲ್ಲುಗಳನ್ನು ಸಮತೂಕದಲ್ಲಿಡುವುದು ಬಿಎಂಎಸ್ ಎಂಬ ಕಾವಲು ಸರ್ಕೀಟಿನ ಕೆಲಸವೇ, ನಿಜ. ಆದರೆ ಅದು ಒಂದು ಸೆಲ್ಲಿನಿಂದ ಇಳಿಸಬಲ್ಲದ್ದು ಸಾಮಾನ್ಯವಾಗಿ ನೂರು ಮಿಲಿಆಂಪಿಯರಿನೊಳಗೆ. ಹತ್ತಾರು ಆಂಪಿಯರಿನ ವ್ಯತ್ಯಾಸವನ್ನು ಅದರಿಂದ ಸರಿದೂಗಿಸಲಾಗದು. ನಡುವಿನ ತಂತಿ ಬಿಎಂಎಸ್ಸಿನ ಕಾವಲನ್ನು ದಾಟಿಯೇ ಹೊರಬರುವುದರಿಂದ ಶಾರ್ಟ್ ಆದರೆ ಕೇಳುವವರೂ ಇಲ್ಲ.

ಸರಿಯಾದ ಉಪಾಯ ಬಕ್ ಕನ್ವರ್ಟರ್. ಅದರ ತತ್ವ ಸರಳ: ವಿದ್ಯುತ್ತನ್ನು ಸುಡುವುದಲ್ಲ, ಕತ್ತರಿಸುವುದು. ಮಾಸ್ಫೆಟ್ ಎಂಬ ಸ್ವಿಚ್ಚು ಸೆಕೆಂಡಿಗೆ ಹತ್ತಾರು ಸಾವಿರದಿಂದ ಲಕ್ಷಗಟ್ಟಲೆ ಬಾರಿ ಹಾಕಿ ತೆಗೆಯುತ್ತದೆ. ಹಾಕಿದಾಗ ಬ್ಯಾಟರಿಯ ವಿದ್ಯುತ್ತು ಇಂಡಕ್ಟರ್ ಎಂಬ ಸುರುಳಿಯ ಮೂಲಕ ಹೊರಗೆ ಹರಿಯುತ್ತ ಸುರುಳಿಯ ಕಾಂತಕ್ಷೇತ್ರದಲ್ಲಿ ಒಂದಿಷ್ಟು ಶಕ್ತಿಯನ್ನು ಕೂಡಿಡುತ್ತದೆ. ತೆಗೆದಾಗ ಸುರುಳಿ ಆ ಶಕ್ತಿಯನ್ನು ಬಿಟ್ಟುಕೊಟ್ಟು ಹರಿವು ನಿಲ್ಲದಂತೆ ನೋಡಿಕೊಳ್ಳುತ್ತದೆ. ಆ ಹೊತ್ತಿಗೆ ಸುತ್ತುದಾರಿ ಒದಗಿಸಲು ಒಂದು ಡಯೋಡು ಅಥವಾ ಎರಡನೆಯ ಮಾಸ್ಫೆಟ್ ಇರುತ್ತದೆ. ಉಳಿದ ಏರಿಳಿತವನ್ನು ಕೆಪಾಸಿಟರ್ ಸಮ ಮಾಡುತ್ತದೆ. ಸ್ವಿಚ್ಚು ಹಾಕಿರುವ ಕಾಲದ ಪ್ರಮಾಣವೇ ಹೊರಬರುವ ವೋಲ್ಟೇಜಿನ ಪ್ರಮಾಣ. 72ರಿಂದ 48 ಬೇಕಾದರೆ ಮೂರರಲ್ಲಿ ಎರಡು ಪಾಲು ಹೊತ್ತು ಹಾಕಿರಬೇಕು. ಬ್ಯಾಟರಿ 84ರಲ್ಲಿದ್ದಾಗ ನೂರಕ್ಕೆ 57 ಪಾಲು. ಈ ಹೊಂದಾಣಿಕೆಯನ್ನು ಅದರ ನಿಯಂತ್ರಕ ಚಿಪ್ಪು ತಾನೇ ಮಾಡುತ್ತಿರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ವಿ. ರಾಮನಾರಾಯಣನ್ ಸಿದ್ಧಪಡಿಸಿದ ಪಾಠದ ಟಿಪ್ಪಣಿಗಳನ್ನು ಓದಿ ಈ ವಿದ್ಯೆ ಕಲಿತ ಎಂಜಿನಿಯರುಗಳು ದೇಶದ ತುಂಬ ಇದ್ದಾರೆ.

ಕತ್ತರಿಸುವ ಈ ವಿಧಾನದಲ್ಲಿ ಶಕ್ತಿ ಹಾಳಾಗುವುದು ಕಡಿಮೆ. ಕಂಟ್ರೋಲರಿಗೆ 48 ವೋಲ್ಟ್‌ನಲ್ಲಿ 30 ಆಂಪಿಯರ್, ಅಂದರೆ 1,440 ವ್ಯಾಟ್ ಬೇಕು ಎನ್ನೋಣ. ಕನ್ವರ್ಟರಿನ ದಕ್ಷತೆ ನೂರಕ್ಕೆ 95 ಆದರೆ 72 ವೋಲ್ಟ್‌ನ ಬ್ಯಾಟರಿಯಿಂದ ಹೊರಡುವುದು ಬರೀ 21 ಆಂಪಿಯರ್. ಒಳಹೋಗುವುದಕ್ಕಿಂತ ಹೊರಬರುವ ಆಂಪಿಯರ್ ಹೆಚ್ಚು! ಮೊದಲ ಸಲ ಕೇಳಿದವರಿಗೆ ಮೋಸ ಅನ್ನಿಸುವ ಈ ಮಾತು ಟಿ.ಸಿ.ಯ ವಿಷಯದಲ್ಲೂ ನಿಜವೇ. ವೋಲ್ಟೇಜ್ ಕಡಿಮೆಯಾದ ಲೆಕ್ಕಕ್ಕೆ ಆಂಪಿಯರ್ ಹೆಚ್ಚುತ್ತದೆ, ಒಟ್ಟು ವ್ಯಾಟ್ ಮಾತ್ರ ಹೆಚ್ಚುವುದಿಲ್ಲ.

ಹಾಗಾದರೆ ಒಂದು ಕನ್ವರ್ಟರ್ ತಂದು ಕೂರಿಸಿದರೆ ಆಯಿತಲ್ಲ? ಐದು ಹತ್ತು ಆಂಪಿಯರಿಗೆ ಆಯಿತು. ಬೈಕಿನ ಮೋಟಾರಿಗೆ ಆಗುವುದಿಲ್ಲ, ಅಥವಾ ಆಗುವಂಥದ್ದಕ್ಕೆ ಕೊಡಬೇಕಾದ ಬೆಲೆ ಸಾರ್ಥಕವಲ್ಲ. ನೂರಕ್ಕೆ 95 ದಕ್ಷತೆಯಲ್ಲೂ 1,440 ವ್ಯಾಟ್‌ಗೆ 76 ವ್ಯಾಟ್ ಬಿಸಿ ಹುಟ್ಟುತ್ತದೆ. ದಕ್ಷತೆ 90ಕ್ಕೆ ಇಳಿದರೆ 160 ವ್ಯಾಟ್. ನಂಜನಗೂಡಿನ ಏಪ್ರಿಲ್ ಮಧ್ಯಾಹ್ನದಲ್ಲಿ, ಸೀಟಿನ ಕೆಳಗಿನ ಮುಚ್ಚಿದ ಡಬ್ಬದಲ್ಲಿ, ಗಾಳಿಯಿಲ್ಲದೆ ಆ ಬಿಸಿ ಹೋಗುವುದೆಲ್ಲಿಗೆ? ಫ್ಯಾನ್ ಹಾಕಿದರೆ ಗದ್ದೆ ರಸ್ತೆಯ ಧೂಳು, ಕೆಸರು ಒಳಗೆ ಬರುತ್ತದೆ. ನೀರು ಹೋಗದಂತೆ ಮುಚ್ಚಿದರೆ ಬಿಸಿಯೂ ಹೋಗುವುದಿಲ್ಲ. ಕೆಪಾಸಿಟರುಗಳ ಆಯುಸ್ಸು ಪ್ರತಿ 10 ಡಿಗ್ರಿ ಬಿಸಿ ಹೆಚ್ಚಿದಂತೆ ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸಿನ ಹಳೆಯ ರೂಢಿಮಾತು. ಅವುಗಳ ಮೇಲಿನ ಹೊರೆಯೂ ಸಣ್ಣದಲ್ಲ. ಮೇಲಿನ ಉದಾಹರಣೆಯಲ್ಲಿ ಒಳಬದಿಯ ಕೆಪಾಸಿಟರುಗಳು ನಿರಂತರವಾಗಿ ಸುಮಾರು 14 ಆಂಪಿಯರಿನ ಏರಿಳಿತವನ್ನು ತಡೆದುಕೊಳ್ಳಬೇಕು. ಅಗ್ಗದ ಮಾಡ್ಯೂಲುಗಳಲ್ಲಿ ಕೂರಿಸಿರುವ ಒಂದೆರಡು ಪುಟ್ಟ ಕೆಪಾಸಿಟರುಗಳಿಂದ ಅದು ಆಗುವ ಮಾತಲ್ಲ. ಅಂಥ ಮಾಡ್ಯೂಲಿನ ಮೇಲೆ 30 ಆಂಪಿಯರ್ ಎಂದು ಅಚ್ಚಾಗಿದ್ದರೆ, ಕೆಲವು ಕ್ಷಣದ ಮಟ್ಟಿಗೆ, ಫ್ಯಾನಿನ ಗಾಳಿಯಲ್ಲಿ ಎಂದು ಓದಿಕೊಳ್ಳುವುದು ಕ್ಷೇಮ. ನಿರಂತರ ಬಳಕೆಗೆ ಅರ್ಧ ಎಂದು ಹಿಡಿಯುವುದು ಅನುಭವಸ್ಥರ ಲೆಕ್ಕ.

ಸುರುಳಿಗೂ ಮಿತಿಯಿದೆ. ಆಂಪಿಯರ್ ಒಂದು ಮಟ್ಟ ದಾಟಿದರೆ ಅದರ ಫೆರೈಟ್ ತಿರುಳು ಇನ್ನಷ್ಟು ಕಾಂತಶಕ್ತಿ ಹಿಡಿಯಲಾರದೆ ಕೈಚೆಲ್ಲುತ್ತದೆ. ಆ ಗಳಿಗೆಯಿಂದ ಅದು ಬರಿಯ ತಂತಿ. ಆಂಪಿಯರ್ ಏಕಾಏಕಿ ಜಿಗಿದು ಮಾಸ್ಫೆಟ್ ಹೊಡೆದುಹೋಗುತ್ತದೆ. ಮಾಸ್ಫೆಟ್ ಕೆಟ್ಟಾಗ ಸಾಮಾನ್ಯವಾಗಿ ಸಂಪರ್ಕ ಕಡಿದುಕೊಂಡು ಕೆಡುವುದಿಲ್ಲ, ಹಾಕಿದ ಸ್ವಿಚ್ಚಿನಂತೆಯೇ ಉಳಿದು ಕೆಡುತ್ತದೆ. ಪರಿಣಾಮವಾಗಿ, ಯಾವ ಕಂಟ್ರೋಲರನ್ನು ಕಾಪಾಡಲೆಂದು ಕನ್ವರ್ಟರ್ ಹಾಕಿದ್ದರೋ ಅದಕ್ಕೇ ಪೂರ್ತಿ 84 ವೋಲ್ಟ್ ನುಗ್ಗುತ್ತದೆ. ಒಳ್ಳೆಯ ತಯಾರಕರು ಹೊರೆಯನ್ನು ಮೂರು ನಾಲ್ಕು ಸುರುಳಿಗಳಿಗೆ ಹಂಚಿ, ಒಂದಾದ ಮೇಲೊಂದರಂತೆ ಸ್ವಿಚ್ಚು ಹಾಕಿ, ವೋಲ್ಟೇಜ್ ಮಿತಿಮೀರಿದರೆ ಫ್ಯೂಸ್ ಹಾರಿಸುವ ಸರ್ಕೀಟನ್ನೂ ಕೊಡುತ್ತಾರೆ. ಅಂಥದರ ಬೆಲೆಗೆ ಹೊಸ ಕಂಟ್ರೋಲರೇ ಬರುತ್ತದೆ.

ಬ್ರೇಕ್ ಹಿಡಿದಾಗ ಮೋಟಾರು ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ ಮರಳಿಸುವ ವ್ಯವಸ್ಥೆ ಇರುವ ಗಾಡಿಯಲ್ಲಂತೂ ಇನ್ನೊಂದು ಫಜೀತಿ. ಸಾಮಾನ್ಯ ಬಕ್ ಕನ್ವರ್ಟರ್ ಒಂದೇ ದಿಕ್ಕಿನ ದಾರಿ. ಇಳಿಜಾರಿನಲ್ಲಿ ಮರಳಿ ಬಂದ ವಿದ್ಯುತ್ತಿಗೆ ಮುಂದೆ ಹೋಗಲು ಎಡೆಯಿಲ್ಲದೆ ಕಂಟ್ರೋಲರಿನ ಬಾಗಿಲಲ್ಲೇ ವೋಲ್ಟೇಜ್ ಏರುತ್ತ ಹೋಗುತ್ತದೆ. ಬ್ಯಾಟರಿಯ ಮಟ್ಟ ತೋರಿಸುವ ಮೀಟರೂ ಸುಳ್ಳಾಗುತ್ತದೆ: ಕನ್ವರ್ಟರ್ ಸದಾ 48 ವೋಲ್ಟನ್ನೇ ಕೊಡುವುದರಿಂದ ಮುಳ್ಳು ಕದಲುವುದೇ ಇಲ್ಲ. ಬ್ಯಾಟರಿ ಬರಿದಾದಾಗ ಮೋಟಾರು ನಿಲ್ಲಿಸುವ ಕಂಟ್ರೋಲರಿನ ಕಡಿತವೂ ಇದೇ ಕಾರಣಕ್ಕೆ ನಿಷ್ಫಲ. ಸೋತ ಬ್ಯಾಟರಿಯ ವೋಲ್ಟೇಜ್ ಕುಸಿದಂತೆ ಕನ್ವರ್ಟರ್ ಅದರಿಂದ ಇನ್ನಷ್ಟು ಆಂಪಿಯರ್ ಹೀರುತ್ತದೆ. ಕೊನೆಗೆ ಉಳಿಯುವ ಒಂದೇ ಕಾವಲು ಬಿಎಂಎಸ್. ಅದು ಎಚ್ಚರಿಕೆ ಕೊಡದೆ ನಡುರಸ್ತೆಯಲ್ಲೇ ಕತ್ತರಿಸುತ್ತದೆ.

ಇಷ್ಟೆಲ್ಲ ಪಡಿಪಾಟಲಿನ ಹಿಂದಿರುವ ನಿಜವಾದ ತಮಾಷೆ ಎಂದರೆ, ಗಾಡಿಯಲ್ಲಿ ಭಾರೀ ಆಂಪಿಯರಿನ ಬಕ್ ಕನ್ವರ್ಟರ್ ಮೊದಲೇ ಇದೆ. ಅದೇ ಮೋಟಾರ್ ಕಂಟ್ರೋಲರ್. ಆಕ್ಸಿಲರೇಟರನ್ನು ಅರ್ಧ ತಿರುಗಿಸಿದಾಗ ಅದು ಮಾಡುವುದು ಇದೇ ಕೆಲಸ: ಬ್ಯಾಟರಿಯ ವೋಲ್ಟೇಜನ್ನು ಕತ್ತರಿಸಿ ಕತ್ತರಿಸಿ ಮೋಟಾರಿಗೆ ಬೇಕಾದಷ್ಟೇ ಕೊಡುವುದು. ಪ್ರತ್ಯೇಕ ಸುರುಳಿ ಅದಕ್ಕೆ ಬೇಡ, ಮೋಟಾರಿನ ಸುತ್ತುಗಳೇ ಇಂಡಕ್ಟರ್. ಗಾಡಿ ನಿಧಾನವಾಗಿ ಏರು ಹತ್ತುವಾಗ ಮೋಟಾರಿಗೆ ತಲುಪುವ ವೋಲ್ಟೇಜ್ 12ರಷ್ಟೇ ಇರಬಹುದು, ಆಂಪಿಯರ್ 80 ಇರಬಹುದು. ಅದೇ ಹೊತ್ತಿನಲ್ಲಿ 72 ವೋಲ್ಟ್‌ನ ಬ್ಯಾಟರಿಯಿಂದ ಹೊರಡುತ್ತಿರುವುದು 14 ಆಂಪಿಯರ್ ಮಾತ್ರ. ಇದರ ಮುಂದೆ ಇನ್ನೊಂದು ಕನ್ವರ್ಟರ್ ಕಟ್ಟುವುದೆಂದರೆ ಒಂದೇ ಕೆಲಸವನ್ನು ಎರಡು ಸಲ ಮಾಡಿ ಎರಡು ಸಲ ನಷ್ಟ ಅನುಭವಿಸುವುದು.

ಆದ್ದರಿಂದ ಇಳಿಸಬೇಕಾದದ್ದು ವೋಲ್ಟೇಜನ್ನಲ್ಲ, ಬದಲಿಸಬೇಕಾದದ್ದು ಕಂಟ್ರೋಲರನ್ನು. 72 ವೋಲ್ಟ್‌ನ ಕಂಟ್ರೋಲರುಗಳಲ್ಲಿ 100 ವೋಲ್ಟ್ ತಡೆಯುವ ಕೆಪಾಸಿಟರ್, ಮಾಸ್ಫೆಟ್ ಇರುವುದು ವಾಡಿಕೆ. 48 ವೋಲ್ಟ್ ಎಂದು ಬರೆದ ಮೋಟಾರಿಗೆ 72 ವೋಲ್ಟ್ ಕೊಟ್ಟರೆ ಸುಡುತ್ತದೆ ಎಂಬ ಭಯ ವ್ಯಾಪಕವಾಗಿದೆ. ಅದು ಪೂರ್ತಿ ನಿಜವಲ್ಲ. ಮೋಟಾರಿನ ತಾಮ್ರವನ್ನು ಸುಡುವುದು ಆಂಪಿಯರ್. ಮೋಟಾರಿಗೆ ಹರಿಯುವ ಆಂಪಿಯರಿಗೆ ಹಳೆಯ ಕಂಟ್ರೋಲರಿನಲ್ಲಿದ್ದ ಮಿತಿಯನ್ನೇ ಹೊಸದರಲ್ಲೂ ಇಟ್ಟರೆ, ಅಥವಾ ಇನ್ನೂ ಕಡಿಮೆ ಇಟ್ಟರೆ, ಮೋಟಾರಿಗೆ ಹೊರೆ ಹೆಚ್ಚುವುದಿಲ್ಲ. ಹೆಚ್ಚುವುದು ಗರಿಷ್ಠ ವೇಗ, ಒಂದೂವರೆ ಪಟ್ಟು. ಅದನ್ನು ಕಂಟ್ರೋಲರಿನ ವೇಗಮಿತಿಯಿಂದ ಕಟ್ಟಿಹಾಕಲೇಬೇಕು, ಏಕೆಂದರೆ ಆ ಗಾಡಿಯ ಬ್ರೇಕು, ಚಾಸಿ, ಟೈರು ಒಂದೂವರೆ ಪಟ್ಟಿನವಲ್ಲ.

ಕಂಟ್ರೋಲರ್ ಬದಲಿಸಲಾಗದಿದ್ದರೆ ಬ್ಯಾಟರಿಯನ್ನೇ ಹೊಸದಾಗಿ ಜೋಡಿಸುವ ದಾರಿಯಿದೆ. ಲಿಥಿಯಂ ಐರನ್ ಫಾಸ್ಫೇಟಿನ 24 ಸೆಲ್ ಸರಣಿ, ಎರಡೆರಡು ಜೋಡಿಯಾಗಿ ಒಟ್ಟು 48 ಸೆಲ್ ಇರುವ 76.8 ವೋಲ್ಟ್‌ನ ಬ್ಯಾಟರಿಯನ್ನು 16 ಸೆಲ್ ಸರಣಿ, ಮೂರುಮೂರು ಜೋಡಿಯಾಗಿ ಮಾಡಿದರೆ ಸರಿಯಾಗಿ 51.2 ವೋಲ್ಟ್. ಒಂದು ಸೆಲ್ಲೂ ಮಿಗುವುದಿಲ್ಲ, ಶಕ್ತಿಯೂ ಅಷ್ಟೇ, ದಾರಿಯಲ್ಲಿ ನಷ್ಟವೂ ಇಲ್ಲ. ಆದರೆ ಎಲ್ಲ ಬ್ಯಾಟರಿಗಳ ಲೆಕ್ಕವೂ ಇಷ್ಟು ಚೊಕ್ಕವಾಗಿ ಕೂಡುವುದಿಲ್ಲ: 20 ಸೆಲ್ ಸರಣಿಯ, ಮೂರು ಜೋಡಿಯ 60 ಸೆಲ್ಲುಗಳನ್ನು 13ರ ಸರಣಿಗೆ ತಂದರೆ ಎಂಟು ಮಿಗುತ್ತವೆ. ಬಿಎಂಎಸ್ ಹೊಸದು ಬೇಕು, ಚಾರ್ಜರಂತೂ ಬೇಕೇ ಬೇಕು. 87.6 ವೋಲ್ಟ್‌ನ ಹಳೆ ಚಾರ್ಜರನ್ನು 58.4ರ ಬ್ಯಾಟರಿಗೆ ಮರೆತು ಚುಚ್ಚಿದರೆ ಮುಂದಿನ ರಕ್ಷಣೆ ಬಿಎಂಎಸ್ಸಿನ ಒಂದು ಸ್ವಿಚ್ಚಿನ ಮೇಲೆ ನಿಂತಿರುತ್ತದೆ. ಸೆಲ್ ಬಿಚ್ಚಿ ಬೆಸೆಯುವುದು ಸ್ಪಾಟ್ ವೆಲ್ಡಿಂಗ್ ಬಲ್ಲವರ ಕೆಲಸ, ಮನೆಯ ಜಗಲಿಯದಲ್ಲ.

ಕನ್ವರ್ಟರಿಗೆ ಗಾಡಿಯಲ್ಲಿ ತಕ್ಕ ಜಾಗವೂ ಒಂದಿದೆ. ಹೆಡ್‌ಲೈಟು, ಇಂಡಿಕೇಟರು, ಹಾರ್ನು ಇವೆಲ್ಲ 12 ವೋಲ್ಟ್‌ನವು. ಒಟ್ಟು ಹತ್ತು ಆಂಪಿಯರ್ ಸಾಕು, ಅಂದರೆ 120 ವ್ಯಾಟ್. ಅಷ್ಟಕ್ಕೆ ಅಂಗೈಯಗಲದ, ರಾಳ ತುಂಬಿ ಮುಚ್ಚಿದ ಕನ್ವರ್ಟರ್ ಮಳೆಗಾಲಗಳನ್ನು ದಾಟಿ ಬಾಳುತ್ತದೆ. ಒಳಗೂ ಹೊರಗೂ ನೇರ ಸಂಪರ್ಕವಿಲ್ಲದ ಬಗೆಯದನ್ನು ಆರಿಸಿದರೆ, ಅದು ಕೆಟ್ಟರೂ ದೀಪಗಳಿಗೆ 84 ವೋಲ್ಟ್ ನುಗ್ಗುವುದಿಲ್ಲ.

ಯಾವ ದಾರಿ ಹಿಡಿದರೂ ತಂತಿ ಮತ್ತು ಫ್ಯೂಸಿನ ವಿಷಯದಲ್ಲಿ ಜಿಪುಣತನ ಸಲ್ಲದು. ಆಂಪಿಯರ್ ಇಮ್ಮಡಿಯಾದರೆ ತಂತಿಯ ಬಿಸಿ ನಾಲ್ಮಡಿ. 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎರಡು ಮೀಟರ್ ಉದ್ದವಿದ್ದರೂ 30 ಆಂಪಿಯರಿಗೆ ಐದಾರು ವ್ಯಾಟ್ ಮಾತ್ರ ಸುಡುತ್ತದೆ, ಅದೂ ಉದ್ದಕ್ಕೂ ಹರಡಿಕೊಂಡು. ತಂತಿಯ ತುದಿಗೆ ಸರಿಯಾಗಿ ಒತ್ತದ ಒಂದೇ ಒಂದು ಲಗ್ ಅದೇ ಆಂಪಿಯರಿಗೆ ಹದಿನೆಂಟು ವ್ಯಾಟನ್ನು ಉಗುರಿನಗಲದ ಜಾಗದಲ್ಲಿ ಸುಡಬಲ್ಲದು. ಕರಗಿದ ಕನೆಕ್ಟರುಗಳ ಕಥೆ ಬಹುಪಾಲು ಇದೇ. ಮನೆಯ ಮೀಟರ್ ಬೋರ್ಡಿನಿಂದ ತೆಗೆದ ಎಂಸಿಬಿಯನ್ನು ಬೈಕಿಗೆ ಹಾಕುವ ರೂಢಿ ಅಪಾಯಕರ. ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ಸೊನ್ನೆಗೆ ಇಳಿಯುವುದರಿಂದ ಅಲ್ಲಿ ಕಿಡಿ ತಾನೇ ಆರುತ್ತದೆ. ಬ್ಯಾಟರಿಯ ವಿದ್ಯುತ್ತು ಸೊನ್ನೆಗೆ ಇಳಿಯುವುದೇ ಇಲ್ಲ, ಕಿಡಿ ಉರಿಯುತ್ತಲೇ ಇರಬಹುದು. ಡಿ.ಸಿ.ಗೆಂದೇ ನಮೂದಿಸಿದ ಫ್ಯೂಸ್, ಅದೂ ಬ್ಯಾಟರಿಯ ಪಕ್ಕದಲ್ಲೇ ಇರಬೇಕು.

ಕಾನೂನಿನ ಮಾತೂ ಬರುತ್ತದೆ. ಮೋಟಾರಿನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋದೊಳಗೆ ಇರುವ ಗಾಡಿಗೆ ನೋಂದಣಿಯಾಗಲಿ ಲೈಸೆನ್ಸಾಗಲಿ ಬೇಡ. 30 ಆಂಪಿಯರ್ ಎಳೆಯುವ 1,440 ವ್ಯಾಟ್‌ನ ಗಾಡಿ ಈ ವಿನಾಯಿತಿಯಲ್ಲಿ ಬರುವುದಿಲ್ಲ. ಅದು ಮೋಟಾರು ವಾಹನವೇ. ಹಲವೆಡೆ ಸ್ಕೂಟರುಗಳಿಗೆ ಬೆಂಕಿ ಬಿದ್ದ 2022ರಲ್ಲಿ ಕೇಂದ್ರ ಸರ್ಕಾರ ಬ್ಯಾಟರಿ ಸುರಕ್ಷತೆಯ ಎಐಎಸ್-156 ಮಾನದಂಡವನ್ನು ಬಿಗಿಗೊಳಿಸಿತು. ತಿದ್ದುಪಡಿಗಳು ಆ ವರ್ಷದ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಇನ್ನೊಂದು ಹಂತವಾಗಿ ಜಾರಿಗೆ ಬಂದವು. ಕೈಯಾರೆ ಮರುಜೋಡಿಸಿದ ಬ್ಯಾಟರಿ ಈ ಪರೀಕ್ಷೆಗಳ ಹೊರಗೇ ಉಳಿಯುತ್ತದೆ. ಹಳೆಯ 72 ವೋಲ್ಟ್‌ನ ಬ್ಯಾಟರಿ ಕೈಯಲ್ಲಿದ್ದು 48ರ ಗಾಡಿ ಎದುರಿಗಿದ್ದರೆ, ಕನ್ವರ್ಟರಿನ ಅಂಗಡಿ ಹುಡುಕುವ ಮೊದಲು 72 ವೋಲ್ಟ್‌ನ ಕಂಟ್ರೋಲರಿಗೆ ಏನು ಬೆಲೆ ಎಂದು ವಿಚಾರಿಸಿ.